ಹಾಲಿಗೆ ಟಾರ್ಚ್ ಹಿಡಿಯುವ ಮಾಮಾ

ನನ್ನ ಸೋದರಮಾಮಾ ಬರುತ್ತಾರೆಂದರೆ ನಮ್ಮ ಬಳಗದವರು ಹಾಲು ಬಚ್ಚಿಡುತ್ತಾರೆ! ನಗಬೇಡಿ, ಬೆಕ್ಕಿಗೂ ಅವರು ಇಷ್ಟು ಹೆದರಿದ್ದಿಲ್ಲ. ಗದಗಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದ ಈ ಮಹಾಶಯರ ಒಂದು ಜೇಬಿನಲ್ಲಿ ಲಿಂಬೆಹಣ್ಣು, ಇನ್ನೊಂದರಲ್ಲಿ ಖೊಟ್ಟಿ ನೋಟು ನೋಡುವ ನೀಲಿ ಟಾರ್ಚ್, ಎದೆಯ ಜೇಬಿನಲ್ಲಿ ಒಂದು ಪುಟ್ಟ ಸೀಸೆ. ಸೀಸೆಯಲ್ಲಿರುವುದು ಉಳ್ಳಾಗಡ್ಡಿ ಸಿಪ್ಪೆ ಬೇಯಿಸಿ ಸೋಸಿದ ನೀರು. ಅದರಲ್ಲಿ ಕಣ್ಣಿಗೆ ಕಾಣದ ಇಂಗಾಲದ ನ್ಯಾನೋ ಕಣಗಳಿವೆಯಂತೆ. ಟಾರ್ಚ್ ಹಿಡಿದರೆ ನೀಲಿಯಾಗಿ ಹೊಳೆಯುತ್ತವೆ. ದನಕ್ಕೆ ಚುಚ್ಚಿದ ಆ್ಯಂಟಿಬಯೋಟಿಕ್ ಹಾಲಿನಲ್ಲಿ ಉಳಿದಿದ್ದರೆ ಹೊಳಪು ಆರುತ್ತದೆ. ಮೊದಲ ಸಲ ಬೇಯಿಸಿದ ದಿನ ಬೆಟಗೇರಿಯ ಅವರ ಓಣಿಯವರು ಚುರುಮುರಿ ಗಿರ್ಮಿಟ್ ಆಗುತ್ತಿದೆಯೆಂದು ತಟ್ಟೆ ಹಿಡಿದು ಬಂದಿದ್ದರು!

ಈ ಹುಚ್ಚಿಗೆ ಕಾರಣ ನಮ್ಮವ್ವ. ಹೋದ ವರ್ಷ ಅವಳ ಕಾಲಿನ ಹುಣ್ಣು ಕೊಟ್ಟ ಮಾತ್ರೆಗಳಿಗೆಲ್ಲ ಬಗ್ಗದೆ ಬಹಳ ಕಾಡಿತು. ರೋಗದ ಹುಳುಗಳು ಔಷಧಕ್ಕೆ ಪಳಗಿಬಿಟ್ಟಿವೆ, ಹಾಲು ಮಾಂಸದಲ್ಲಿ ಉಳಿದ ಔಷಧದಿಂದಲೂ ಹೀಗಾಗುತ್ತದೆ ಎಂದರು ಡಾಕ್ಟರು. ತಾಯಿ ಇಲ್ಲದ ಮಾಮಾನನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕ ಅವಳು. ಹುಣ್ಣು ವಾಸಿಯಾದರೂ ಮಾಮಾನ ಅಂಜಿಕೆ ಹೋಗಲಿಲ್ಲ. ಅಂದಿನಿಂದ ಹಾಲು ಕಂಡಲ್ಲಿ ಲಿಂಬೆ ಹಿಂಡಿ, ಒಡೆಸಿ, ಸೋಸಿ, ಉಳಿದ ತಿಳಿನೀರಿಗೆ ಸೀಸೆಯ ಹನಿ ಬಿಟ್ಟು ಟಾರ್ಚ್! ಹಾಲೇ ಒಡೆದ ಮೇಲೆ ಪಾಪ, ಮನೆಯವರು ಚಹಾ ಎಲ್ಲಿಂದ ಮಾಡಬೇಕು?

ಲಕ್ಷ್ಮೇಶ್ವರದ ಅರಿವೆ ವ್ಯಾಪಾರಿ ಸಾಹೇಬರ ಮಗಳ ಮದುವೆಯಲ್ಲಿ ಬಿರಿಯಾನಿಯ ರಸಕ್ಕೂ ಟಾರ್ಚ್ ಹಿಡಿದರು. ಮಾಮಾ ಸ್ವತಃ ಶುದ್ಧ ಸಸ್ಯಾಹಾರಿ, ಗೊತ್ತಿರಲಿ! ಹೊಳಪು ಆರಿಹೋಯಿತು.

"ಮಸಾಲಿ ಅಡ್ಡ ಬರಾಕತ್ತೈತಿ. ಒಂದು ಹಸಿ ಕೋಳಿ ಕೊಡ್ರಿ."

"ಸರ, ನಿಮ್ಮ ಕಾಲಿಗೆ ಬೀಳ್ತೀನಿ, ಟಾರ್ಚ್ ಆರಸ್ರಿ! ಊಟದಾಗ ಏನೋ ಐತಿ ಅಂತ ಬೀಗರು ಎದ್ದು ನಿಂತಾರ!"

ಫೇಲಾದ ಹಾಲನ್ನು ಚೆಲ್ಲಲಿಕ್ಕಾದರೂ ಬಿಡುತ್ತಾರೆಯೇ? "ಗಟಾರಕ್ಕ ಹಾಕಿದ್ರ ಅಲ್ಲಿ ಹುಳ ಔಷಧ ಕುಡದು ಪೈಲ್ವಾನ ಆಗ್ತಾವು!" ಹೀಗಾಗಿ ಅವರ ಮನೆಯ ಮಾಳಿಗೆಯ ಮೇಲೆ ಆ ತಿಳಿಯ ತಟ್ಟೆಗಳ ಸಾಲು. ಅದರೊಳಗೆ ಸತುವಿನ ಆಕ್ಸೈಡಿನ ನ್ಯಾನೋ ಪುಡಿ. ಬಿಸಿಲು ಬಿದ್ದರೆ ಅದು ಔಷಧವನ್ನು ಮುರಿದು ಹಾಕುತ್ತದಂತೆ. ಪಕ್ಕದ ಮನೆಯಾಕೆ ಇದು ಯಾವುದೋ ವ್ರತವೆಂದು ತಿಳಿದು ಪ್ರತಿ ತಟ್ಟೆಗೂ ಹೂ ಏರಿಸಿ ಕೈಮುಗಿದು ಹೋದಳು.

ಸೊರಟೂರಿನ ನಮ್ಮ ಮನೆಯ ಆಕಳ ಹಾಲು ಮಾತ್ರ ಯಾವಾಗಲೂ ಪಾಸು. ಈ ಚಳಿಗಾಲದಲ್ಲಿ ಕೆಮ್ಮುತ್ತ ಬಂದ ಮಾಮಾ, ಅವ್ವ ಕೊಟ್ಟ ಲೋಟದ ಹಾಲಿಗೆ ಎಂದಿನಂತೆ ಲಿಂಬೆ ಹಿಂಡಿದರು, ಟಾರ್ಚ್ ಹಿಡಿದರು. ಕತ್ತಲು!

"ಅಕ್ಕಾ, ಆಕಳಕ್ಕ ಸೂಜಿ ಮಾಡ್ಸೀಯೇನು?"

"ಇಲ್ಲೋ ತಮ್ಮಾ."

"ಸುಳ್ಳ ಹೇಳಬ್ಯಾಡ. ನೀನೂ ಇದನ್ನ ಕುಡೀತಿ. ನಾಳೆ ಮತ್ತ ಕಾಲಿಗೆ ಏನರ ಆದ್ರ?"

ಅವ್ವನ ಮುಖ ಸಣ್ಣದಾಯಿತು. "ನಾ ಸುಳ್ಳ ಹೇಳ್ತೀನಂದ್ರ ನಮ್ಮ ಮನಿ ಹಾಲು ಕುಡೀಬ್ಯಾಡ" ಎಂದು ಒಳಗೆ ಹೋದಳು. ಅಕ್ಕ ತಮ್ಮನ ಮಾತು ನಿಂತೇ ಹೋಯಿತು. ಅಲ್ಲಿಯವರೆಗೆ ನಗುತ್ತಿದ್ದ ನನಗೆ ಗಾಬರಿಯಾಯಿತು. ಹಠದಲ್ಲಿ ಇಬ್ಬರೂ ಒಂದೇ ತಾಯಿಯ ಮಕ್ಕಳು!

ಮರುದಿನ ಬೆಳಿಗ್ಗೆ ಮಾಮಾ ಕೊಟ್ಟಿಗೆಗೇ ನುಗ್ಗಿ ಕೆಚ್ಚಲಿನಿಂದ ನೇರವಾಗಿ ಹಾಲು ಹಿಡಿದರು. ಹೊಳೆಯಿತು. ಒಲೆಯ ಮೇಲಿನ ಪಾತ್ರೆಯದನ್ನು ನೋಡಿದರು. ಅದೂ ಹೊಳೆಯಿತು! ಹಾಗಾದರೆ ಲೋಟಕ್ಕೆ ಬಂದಾಗ ಆರುವುದೇಕೆ? ಕಾರಣ ಹಿಡಿಯಲು ಅಡುಗೆಮನೆಯ ಬಾಗಿಲ ಹಿಂದೆ ಅಡಗಿ ನಿಂತರು. ಅಡಗಿದವರಿಗೆ ಆಗಲೇ ಕೆಮ್ಮು ಬರಬೇಕೆ! ಕೆಮ್ಮಿದ್ದೇ ತಡ, ಮಾತು ಬಿಟ್ಟಿದ್ದ ಅವ್ವ ಲೋಟಕ್ಕೆ ಹಾಲು ಬಗ್ಗಿಸಿದಳು. ಅವಳ ಕೈ ತಾನಾಗಿಯೇ ಮಸಾಲೆ ಡಬ್ಬಿಗೆ ಹೋಯಿತು. ಹಾಲಿನ ಬಣ್ಣವೂ ಬದಲಾಗದಷ್ಟು ಚಿಟಿಕೆ ಅರಿಷಿಣ ಲೋಟಕ್ಕೆ ಬಿತ್ತು.

"ಅಕ್ಕಾ! ಅರಿಷಿಣ ಹಾಕಿದ್ರೂ ಬೆಳಕು ಆರತೈತಿ! ಹೇಳಬಾರದೇನು?"

"ಅದೇನ ಹೇಳೋ ಮಾತ? ನೀ ಕೆಮ್ಮಿದಾಗೆಲ್ಲ ಹಾಕ್ತೀನಿ. ಸಣ್ಣಾಂವ ಇದ್ದಾಗ ಅರಿಷಿಣ ಕಂಡ್ರ ಕುಡೀತಿದ್ದಿಲ್ಲ. ನಿನಗ ಕಾಣದಂಗ ಹಾಕೂದು ಕೈಗೆ ರೂಢಿ ಆಗೇತಿ."

ಮಾಮಾ ಟಾರ್ಚ್ ಆರಿಸಿದರು. ಪರೀಕ್ಷೆ ಮಾಡದೆ ಆ ಲೋಟ ಎತ್ತಿ ಗಟಗಟ ಕುಡಿದರು. "ತಪ್ಪಾತಕ್ಕಾ" ಎಂದರು. ಅವ್ವ ಅವರ ಬಿಳಿ ಮೀಸೆಗೆ ಅಂಟಿದ ಹಾಲನ್ನು ಸೆರಗಿನಿಂದ ಒರೆಸಿದಳು. ಆಮೇಲೆ ತನ್ನ ಲೋಟ ತಂದು ಅವರ ಮುಂದಿಟ್ಟಳು.

"ನಂದು ನೋಡಿ ಕೊಡು. ನೀ ನೋಡದ ಕುಡಿಯಾಕ ನನಗೂ ಮನಸ್ಸಿಲ್ಲ."

ಮಾಮಾ ಲಿಂಬೆಹಣ್ಣಿಗಾಗಿ ಜೇಬು ತಡಕಾಡಿದರು. ಕಣ್ಣು ತುಂಬಿದ್ದವು, ಸಿಗಲಿಲ್ಲ. ಅವ್ವನೇ ಅವರ ಜೇಬಿಗೆ ಕೈಹಾಕಿ ತೆಗೆದು, ಹೆಚ್ಚಿ, ತನ್ನ ಹಾಲಿಗೆ ತಾನೇ ಹಿಂಡಿದಳು.