ಬದನೆ ಗಿಡಕ್ಕೆ ಬರೀ ನೀರು

ಭೂಮಿ ಇಲ್ಲದವನಿಗೆ ಜಮೀನ್ದಾರಿಕೆ ಬಲು ಸುಲಭ. ಎರಡು ಸಾವಿರದ ಐದರ ಸುಮಾರಿಗೆ ನಾನೂ ಜಮೀನ್ದಾರನಾಗಿದ್ದೆ. ವಾಸ್ಕೋದ ಮಂಗೋರ್ ಹಿಲ್‌ನಲ್ಲಿ ನಮ್ಮ ಬಾಡಿಗೆ ಮನೆಯ ತಾರಸಿ ಮೇಲೆ ಪೇಂಟಿನ ಮೂರು ಖಾಲಿ ಡಬ್ಬಿ, ಡಬ್ಬಿಗೊಂದು ಬದನೆ ಗಿಡ. ರಜೆಯ ಮಧ್ಯಾಹ್ನ ಕಣ್ಣು ಅರೆ ಮುಚ್ಚಿ, ದೂರದ ಹಡಗುಗಳ ಕಡೆ ನೋಡುತ್ತ ಕೂತರೆ ಆ ಮೂರೇ ಗಿಡ ಸಾಲು ಸಾಲಾಗಿ ಹಬ್ಬಿ ಸಮುದ್ರದ ಅಂಚು ಮುಟ್ಟುತ್ತಿದ್ದವು. ಹೆಂಡತಿ ಗಿರಿಜಾ ಕೂಗಿದಾಗ ಮತ್ತೆ ಮೂರಾಗುತ್ತಿದ್ದವು.

ಗಿಡ ನೆಟ್ಟವಳು ಅವಳೇ. ಎಳ್ಳ ಅಮಾವಾಸ್ಯೆಗೆ ಬೆಳಗಾವಿ ಕಡೆಯ ನಮ್ಮೂರಲ್ಲಿ ಎಲ್ಲರೂ ಹೊಲಕ್ಕೆ ಹೋಗಿ, ಅಡುಗೆಯನ್ನು ಭೂಮಿಗೆ ಎಡೆ ಹಾಕಿ, ಹೊಲದ ತುಂಬ ನಡೆದು ಅದನ್ನೇ ಎರಚುತ್ತ ಚರಗ ಚೆಲ್ಲುತ್ತಾರೆ. ಗೋವಾಕ್ಕೆ ಬಂದ ಮೇಲೆ ಅವಳಿಗೆ ಚರಗ ಚೆಲ್ಲಲು ಮಣ್ಣೇ ಇರಲಿಲ್ಲ. ಈ ಸಲ ತಾನೇ ಬೆಳೆದ ಬದನೆಯ ಎಣ್ಣೆಗಾಯಿ ಮಾಡಿ ಡಬ್ಬಿಯ ಮಣ್ಣಿಗಾದರೂ ಉಣಿಸಬೇಕೆಂಬ ಆಸೆ. ಅದಾಗದಿದ್ದರೆ ಹಬ್ಬವೇ ಬೇಡ ಎಂದಿದ್ದಳು.

ನಾನು ಬಂದರಿನಲ್ಲಿ ಯೂರಿಯಾ ಚೀಲ ಎಣಿಸುವವನು. ಆದ್ದರಿಂದ ಗೊಬ್ಬರದ ಪಂಡಿತ. "ಗಿಡಕ್ಕ ಬೇಕಾಗಿದ್ದು ಸಾರಜನಕ. ಅದು ಎಲ್ಲಿಂದ ಬಂತು ಅಂತ ಗಿಡ ಕೇಳಂಗಿಲ್ಲ" ಎಂದು ಭಾಷಣ ಬಿಗಿದು ಒಂದು ಡಬ್ಬಿಗೆ ಧಾರಾಳವಾಗಿ ಯೂರಿಯಾ ಹಾಕಿದೆ. ಇನ್ನೊಂದಕ್ಕೆ ಗಿರಿಜಾ ಸಗಣಿ ಗೊಬ್ಬರ ಹಾಕಿದಳು. ಮೂರನೆಯದಕ್ಕೆ ಪಕ್ಕದ ಮನೆಯ ಗೋವೆಯ ಮಾವಶಿ ದಿನಾ ಒಂದು ಚೆಂಬು ಏನೋ ಸುರಿಯುತ್ತಿದ್ದಳು. ಏನದು ಎಂದು ಗಿರಿಜಾ ಕೇಳಿದ್ದಕ್ಕೆ "ನುಸ್ತ್ಯಾಚೆಂ ಉದಕ" ಎಂದಳಂತೆ. ಗಿರಿಜಾಗೆ ಮರಾಠಿ ಬರುತ್ತದೆ, ಮರಾಠಿಯಲ್ಲಿ ನುಸ್ತಾ ಎಂದರೆ ಬರೀ. ಬರೀ ನೀರು ಎಂದುಕೊಂಡು ಸುಮ್ಮನಾದಳು.

ನನ್ನ ಗಿಡ ಅಂಗೈಗಿಂತ ದೊಡ್ಡ ಎಲೆ ಬಿಟ್ಟು, ಅದೇ ಗುಂಗಿನಲ್ಲಿ ಹೂವನ್ನೇ ಮರೆಯಿತು. ಸಗಣಿಯ ಗಿಡ ನಿಧಾನಸ್ಥ, ಅಮಾವಾಸ್ಯೆ ಹತ್ತಿರ ಬಂದರೂ ಮೊಗ್ಗಿನಲ್ಲೇ ಇತ್ತು. ಮಾವಶಿಯ ಗಿಡದಲ್ಲಿ ಮಾತ್ರ ನೇರಳೆ ಕಾಯಿಗಳು ಜಗ್ಗುತ್ತಿದ್ದವು.

"ನೋಡ್ರಿ, ಬರೇ ನೀರು. ನಿಮ್ಮ ಸಾರಜನಕ ಎಲ್ಲಿ ಹೋತು?" ಎಂದಳು ಗಿರಿಜಾ.

ಹಬ್ಬದ ಬೆಳಿಗ್ಗೆ ಅವಳು ಕಾಯಿ ಕಿತ್ತು ಉಡಿಯಲ್ಲಿ ತುಂಬಿಕೊಂಡಿದ್ದಳು. ಮಾವಶಿ ಚೆಂಬು ಹಿಡಿದು ಬಂದಳು. ಏನು ನೀರು ಎಂದು ನಾನು ಕೇಳಿದೆ. ಅದೇ ಉತ್ತರ. ಬಂದರಿನಲ್ಲಿ ಕೊಂಕಣಿ ಕಲಿತ ನನಗೆ ಆಗ ತಿಳಿಯಿತು. ಕೊಂಕಣಿಯಲ್ಲಿ ನುಸ್ತೆಂ ಎಂದರೆ ಮೀನು. ಮೀನು ತೊಳೆದ ನೀರು.

ತತ್ತಿಯನ್ನೂ ಹೊಸ್ತಿಲು ದಾಟಿಸದ ಮನೆ ನಮ್ಮದು. ಅದು ಮೀನಿನ ನೀರೆಂದೂ ಗಿಡಕ್ಕೆ ಸಾರಜನಕ ಅದರಿಂದಲೇ ಬಂತೆಂದೂ ತಡೆಯಲಾರದೆ ಹೇಳಿಬಿಟ್ಟೆ. ಗಿರಿಜಾ ಉಡಿ ಹಿಡಿದುಕೊಂಡೇ ನಿಂತಳು. ಹಬ್ಬ ಹೋಯಿತಲ್ಲ ಎಂದು ನನಗೆ ನಿಜಕ್ಕೂ ಸಂಕಟವಾಯಿತು.

ಅವಳು ಒಂದು ಕಾಯಿ ಎತ್ತಿ ತಿರುಗಿಸಿ ನೋಡಿ, "ಭೂಮಿತಾಯಿ ತನಗ ಸೇರಿದ್ದು ಉಂಡು ನಮಗ ಬದನಿಕಾಯಿ ಕೊಟ್ಟಾಳ. ಆಕಿ ತಾಟಿನ್ಯಾಗ ಇಣುಕಾಕ ನಾವ್ಯಾರ್ರಿ?" ಎಂದು ಒಲೆ ಹಚ್ಚಲು ಹೋದಳು.

ಮಧ್ಯಾಹ್ನ ಮೂರೂ ಡಬ್ಬಿಗೆ ಚರಗ ಚೆಲ್ಲಿದಳು. ಆ ಹೊತ್ತು ಅವಳ ನಡಿಗೆ ನೋಡಿದರೆ ತಾರಸಿ ಎಷ್ಟೋ ಎಕರೆಯಷ್ಟು ಉದ್ದವಾಗಿತ್ತು. ಮಾವಶಿಯನ್ನೂ ಕರೆದು, ಕಡಲಗಾಳಿಗೆ ಮೈಯೊಡ್ಡಿ ಊಟಕ್ಕೆ ಕೂತೆವು. ಗಿರಿಜಾ ಸಜ್ಜೆ ರೊಟ್ಟಿಗೆ ಎಣ್ಣೆಗಾಯಿ ಹಚ್ಚಿಕೊಂಡು ಕಣ್ಣು ಮುಚ್ಚಿ ಉಂಡಳು. ಮಾವಶಿ ಎರಡನೆಯ ಸಲ ಬಡಿಸಿಕೊಂಡಳು. ನನ್ನ ತುತ್ತು ಮಾತ್ರ ಬಾಯಿಯ ಹತ್ತಿರ ಬಂದು ನಿಂತಿತು. ಇಲ್ಲದ ವಾಸನೆ ಮೂಗಿಗೆ ಬಡಿಯಿತು. ಮೆಲ್ಲಗೆ ಶೇಂಗಾ ಚಟ್ನಿಯ ಕಡೆ ಕೈ ಚಾಚಿದೆ.

ಅಣ್ಣ ಯಾಕೆ ಎಣ್ಣೆಗಾಯಿ ಉಣ್ಣುತ್ತಿಲ್ಲ ಎಂದು ಮಾವಶಿ ಕೇಳಿದಳು.

"ಅವ್ರು ಸಾರಜನಕ ತಿನ್ನಂಗಿಲ್ರಿ" ಎಂದಳು ಗಿರಿಜಾ.