ರೂಪಾಯಿಗೆ ಎರಡಾಣೆ ಮಾತ್ರ ಬೀಳುವ ಹತ್ತಿ

ಲೆಕ್ಕ ಬಲ್ಲವರಿಗೆ ಒಂದು ರೋಗವಿರುತ್ತದೆ. ಉತ್ತರ ಬಂದ ಕೂಡಲೆ ಅದೇ ಖರೆ ಎಂದು ನಂಬಿಬಿಡುತ್ತಾರೆ. ನನಗೆ ಅದು ಮ್ಯಾಟ್ರಿಕ್ ಪಾಸಾದ ದಿನವೇ ಅಂಟಿಕೊಂಡಿತು. ಸ್ವಾತಂತ್ರ್ಯ ಬಂದ ಹೊಸತು. ಗದಗಿನ ಹತ್ತಿ ಪೇಟೆಯ ಒಂದು ಅಡತಿ ಅಂಗಡಿಯಲ್ಲಿ ನಾನು ಗುಮಾಸ್ತ, ಸೇರಿ ಇನ್ನೂ ವರ್ಷವಾಗಿರಲಿಲ್ಲ. ಹತ್ತಿಯ ದರ ಹುಚ್ಚೆದ್ದು ಏರುತ್ತಿತ್ತು. ಮುಂಡರಗಿ, ಬೆಳ್ಳಟ್ಟಿ ಕಡೆಯಿಂದ ಬಂದ ಮಾಲನ್ನೆಲ್ಲ ಕೊಂಡು ಗೋದಾಮು ತುಂಬಿಸಿದ್ದ ಸಾವಕಾರರಿಗೆ ಒಂದು ದಿನ ಅಂಜಿಕೆ ಹೊಕ್ಕಿತು. "ಪ್ಯಾಟಿ ಬಿದ್ರ ಎಷ್ಟು ಬೀಳಬಹುದು? ನೀ ಕಲ್ತಾಂವ ಅದಿ, ಲೆಕ್ಕಾ ಹಾಕಿ ಹೇಳಲೇ" ಎಂದರು.

ಹನ್ನೆರಡು ವರ್ಷದ ದರದ ಪುಸ್ತಕಗಳನ್ನು ಹರಡಿಕೊಂಡು ವಾರಗಟ್ಟಲೆ ಕೂಡಿಸಿ ಕಳೆದೆ. ರೂಪಾಯಿಗೆ ಎರಡಾಣೆ, ಅದಕ್ಕಿಂತ ಒಂದು ಕಾಸೂ ಹೆಚ್ಚಿಗೆ ಬೀಳದು! ಸಾವಕಾರರು ನಿರಾಳವಾಗಿ ಇನ್ನಷ್ಟು ಕೊಂಡರು.

ಅವರ ತಾಯಿ ದೊಡ್ಡವ್ವನಿಗೆ ಓದು ಬಾರದು. ಅಂಗಡಿಗೆ ಬಂದವಳು ಸುಮ್ಮನೆ ದರದ ಪುಸ್ತಕದ ಹಾಳೆ ತಿರುವಿ, "ಲೇ ತಮ್ಮಾ, ಈ ಹಾಳಿ ಯಾಕ ಬರೇ ಬಿಳೇದೈತಿ?" ಎಂದಳು.

"ಅವತ್ತ ರಜಾ ಇರಬೇಕ್ರಿ."

"ಎಲ್ಲೀ ರಜಾ? ಪ್ಯಾಟಿ ಮುರಿದ ದಿನ ದರಾ ಬರದ್ರ ಲಕ್ಷ್ಮಿ ಸಿಟ್ಟಾಗತಾಳಂತ ನಮ್ಮ ಮನ್ಯಾಗ ಖಾಲಿ ಬಿಡತಾರ."

ಬರೀ ಒಳ್ಳೆಯ ದಿನಗಳನ್ನು ಕೂಡಿಸಿ ನಾನು ಕೆಟ್ಟ ದಿನವನ್ನು ಅಳೆದಿದ್ದೆ! ದೊಡ್ಡವ್ವ ಮಾತ್ರ ಒಂದನ್ನೂ ಮರೆತಿರಲಿಲ್ಲ. ದರವೆಲ್ಲ ಅವಳಿಗೆ ಮಗ ಊಟ ಬಿಟ್ಟ ಲೆಕ್ಕದಲ್ಲಿ ನೆನಪಿತ್ತು. "ಆ ವರ್ಷ ಹೋಳಗಿ ಮಾಡಿದ್ದೆ, ಮುಟ್ಟಲಿಲ್ಲ. ಆರಾಣೆ ಬಿತ್ತಂತ ಗ್ವಾಡಿ ಕಡೆ ಮಾರಿ ಮಾಡಿ ಮಲಗಿದ್ದ." ಅವಳು ಹೇಳಿದ ಉಪವಾಸಗಳನ್ನೆಲ್ಲ ಸೇರಿಸಿ ಮತ್ತೆ ಲೆಕ್ಕ ಹಾಕಿದೆ. ಆರಾಣೆಯವರೆಗೂ ಬೀಳಬಹುದು; ನಾಲ್ಕಾಣೆ ಬಿದ್ದರೇ ನಮ್ಮ ಅಂಗಡಿಗೆ ಬೀಗ.

ಮಾರಿಬಿಡೋಣವೆಂದೆ. "ಏರೂ ಪ್ಯಾಟ್ಯಾಗ ಮಾರಂತೀಯಲ್ಲ, ತಲಿ ನೆಟ್ಟಗೈತಿಲ್ಲೋ?" ಎಂದು ಸಾವಕಾರರು ಹಾರಾಡಿದರು.

"ನಂದು ತಪ್ಪಾದ್ರ ನಾಳಿಂದ ನನ್ನ ಕರೀಬ್ಯಾಡ್ರಿ" ಎಂದುಬಿಟ್ಟೆ. ಆ ಧೈರ್ಯ ಎಲ್ಲಿಂದ ಬಂತೋ ದೇವರೇ ಬಲ್ಲ. ದೊಡ್ಡವ್ವ ನನ್ನ ಕಡೆ ನಿಂತಳು. ಮುಕ್ಕಾಲು ಮಾಲು ಮಾರಿದೆವು. ಮುಂದಿನ ಎಂಟು ದಿನ ದರ ಏರುತ್ತಲೇ ಹೋಯಿತು. ಚಹಾದಂಗಡಿಯಲ್ಲಿ ನನ್ನನ್ನು ಕಂಡರೆ ನಗು. ಮನೆಯಲ್ಲಿ ನಾನೂ ಊಟ ಬಿಟ್ಟೆ.

ಒಂಬತ್ತನೆಯ ದಿನ ಮುಂಬಯಿ ಪೇಟೆ ಮುರಿಯಿತೆಂದು ಅಲ್ಲಿಂದ ತಾರು ಬಂತು. ಸಂಜೆಯೊಳಗೆ ರೂಪಾಯಿಗೆ ಐದಾಣೆ ಮಾಯ! ಸಾಲಿನಲ್ಲಿ ಎಷ್ಟೋ ಬಾಗಿಲು ಮುಚ್ಚಿದವು, ನಮ್ಮದು ತೆರೆದೇ ಇತ್ತು. ಸಾವಕಾರರು ತಮ್ಮ ರುಮಾಲು ಬಿಚ್ಚಿ ಎಲ್ಲರೆದುರು ನನ್ನ ತಲೆಗೆ ಸುತ್ತಿದರು. "ಖರೇ ಗುಮಾಸ್ತ ಅಂದ್ರ ಇಂವಾ!" ಹುಲಕೋಟಿ, ಲಕ್ಷ್ಮೇಶ್ವರದ ವ್ಯಾಪಾರಿಗಳು ನನ್ನ ಸಲಹೆ ಕೇಳಲು ಸರದಿಯಲ್ಲಿ ಕುಳಿತರು. ಸುಳ್ಳೇಕೆ ಹೇಳಲಿ, ನನಗೆ ಭೂಮಿಯ ಮೇಲೆ ಕಾಲು ನಿಲ್ಲಲಿಲ್ಲ.

ರುಮಾಲು ಸಮೇತ ಮನೆಗೆ ಬಂದೆ. ಹೆಂಡತಿ ಆರತಿ ಎತ್ತಿ, ಮೆಲ್ಲಗೆ ಕೇಳಿದಳು: "ಸಾವಕಾರರ ಹತ್ತಿ ಮಾರಿಸಿದ್ರಿ, ಛಲೋ ಆತು. ಅಟ್ಟದ ಮ್ಯಾಲಿನ ನಮ್ಮ ಎರಡು ಅಂಡಿಗಿ ಅರಳಿ ಯಾವಾಗ ಮಾರಿದ್ರಿ?"

ಎರಡಾಣೆಯ ಲೆಕ್ಕ ನಂಬಿ, ಸಾವಕಾರರಿಗೂ ಹೇಳದೆ, ನಾನೇ ಗುಟ್ಟಾಗಿ ಕೊಂಡಿಟ್ಟಿದ್ದ ಎರಡು ಮೂಟೆ ಹತ್ತಿ ಅದು. ಸಾವಕಾರರ ಗೋದಾಮು ಉಳಿಸುವ ಗಡಿಬಿಡಿಯಲ್ಲಿ ಮರೆತೇ ಹೋಗಿತ್ತು. ಕೊನೆಗೆ ಅದರಲ್ಲಿ ಗಾದಿ ಹೊಲಿಸಿದೆವು. ಇಷ್ಟು ಮೆತ್ತನೆಯ ಗಾದಿ ಗದಗ-ಬೆಟಗೇರಿಯಲ್ಲೇ ಇಲ್ಲವೆಂದು ಬಂದ ಬೀಗರು ಹೊಗಳುತ್ತಾರೆ. ಇಷ್ಟು ತುಟ್ಟಿಯದೂ ಇಲ್ಲವೆಂದು ನಾನು ಬಾಯಿ ಬಿಡುವುದಿಲ್ಲ.