ಮಾವನ ಮೂರು ಅಳತೆ

ಮೊದಲು ನಮಸ್ಕಾರ ಹೇಳದಿದ್ದರೆ ಫೋನು ಸರಿಯಾದ ಉತ್ತರ ಕೊಡುವುದಿಲ್ಲ ಎಂದು ನಂಬಿರುವವರು ಈ ಭೂಮಿಯ ಮೇಲೆ ಒಬ್ಬರೇ ಇದ್ದಾರೆ. ಅವರು ನನ್ನ ಸೋದರಮಾವ! ನಾನು ಓದುವುದು ದಾವಣಗೆರೆಯಲ್ಲಿ, ಇರುವುದು ಹರಿಹರದ ಅವರ ಮನೆಯಲ್ಲಿ. ಚರ್ಚಾಸ್ಪರ್ಧೆಗಳಲ್ಲಿ ಎಂಥೆಂಥವರ ಬಾಯಿ ಮುಚ್ಚಿಸಿ ಬಂದವಳಿಗೆ ಮನೆಯಲ್ಲಿ ಇಂಥ ಎದುರಾಳಿ.

ಕಳೆದ ವರ್ಷ ಮಾವನಿಗೆ ಹಲ್ಲುನೋವು ಬಂತು. ಫೋನನ್ನು ತುಟಿಯ ಹತ್ತಿರ ಹಿಡಿದು ಶುರು ಮಾಡಿದರು: “ನಮಸ್ಕಾರ್ರಿ. ನಾನು ಹರಿಹರದಿಂದ. ಬಲಗಡೆ ದವಡೆ ಹಲ್ಲು ಜುಂ ಅಂತೈತೆ. ಏನ್ ಮಾಡ್ಬೇಕ್ರಿ?”

ಲವಂಗದೆಣ್ಣೆ ಹಚ್ಚಿ ಎಂದಿತು ಫೋನು. ಮಾವ ಅಷ್ಟಕ್ಕೆ ಬಿಡುವವರೇ? ಹೆಂಗಸಿನ ದನಿ ಮಾಡಿ ಅದೇ ಪ್ರಶ್ನೆ ಕೇಳಿದರು. ಅಡುಗೆಮನೆಯಿಂದ ಅತ್ತೆ ಸೌಟು ಹಿಡಿದೇ ಓಡಿಬಂದರು.

“ಯಾರ್ರೀ ಅದು, ಹೆಂಗ್ಸು?”

ನಿಂಬೆರಸ ಹಚ್ಚಿ ಎಂದಿತು ಫೋನು. ಮೂರನೆಯ ಸಲ ಪಕ್ಕದ ಗುತ್ತೂರಿನವರಾಗಿ ಕೇಳಿದರು; ಊರು ನೋಡಿ ಮಾತು ಬದಲಾಯಿಸುತ್ತದೇನೋ ಎಂಬ ಅನುಮಾನ! ನಿಂಬೆರಸದಿಂದ ಹಲ್ಲು ಸವೆಯುತ್ತದೆ ಎಂದಿತು.

“ಮಾವ, ಇದನ್ನೆಲ್ಲ ಬರೆದವರು ಯಾರು? ಆಧಾರ ಏನು?” ಎಂದೆ.

“ನಿನ್ನ ಆಧಾರ ನೋಡ್ಕಂತ ಕುಂತ್ರೆ ಹಲ್ಲೇ ಉದುರಿ ಹೋಗ್ತವೆ ತಾಯಿ! ಮೂರು ಅಳತೆ ಬೇರೆ ಬೇರೆ ಬಂದ್ರೆ ಆ ಪೀಸು ಗುಜರಿಗೆ!” ಎಂದವರೇ ಹಲ್ಲಿನ ಡಾಕ್ಟರ ಹತ್ತಿರ ನಡೆದರು. ಮಾವ ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಿ ಕಬ್ಬಿಣ ಕಡೆಯುವ ಲೇತ್ ಮಷಿನ್ ನಡೆಸುವವರು. ಮೂರು ಸಲ ಅಳೆಯದೆ ಯಾವ ಪೀಸನ್ನೂ ಕೆಳಗಿಟ್ಟವರಲ್ಲ.

ನಾನು ನಕ್ಕಿದ್ದೇ ನಕ್ಕಿದ್ದು. ಆಮೇಲೆ ನನ್ನದೇ ನಾಲಿಗೆಯ ಅಂಚಿನಲ್ಲಿ ಒಂದು ಹುಣ್ಣಾಯಿತು. ಮೂರು ವಾರವಾದರೂ ಮಾಯಲಿಲ್ಲ. ಯಾರಿಗೂ ಹೇಳದೆ ನಾನೂ ಹುಡುಕಿದೆ: “ನಾಲಿಗೆಯ ಹುಣ್ಣು ತಾನಾಗಿಯೇ ವಾಸಿಯಾಗುತ್ತದೆಯೇ?” ಆಗುತ್ತದೆ ಎಂದವರು ಸಿಕ್ಕರು, ಫೋನು ಮುಚ್ಚಿಟ್ಟೆ. ಬೇಕಾದ ಉತ್ತರವನ್ನು ಪ್ರಶ್ನೆಯೊಳಗೇ ಇಟ್ಟು ಕೇಳುವುದನ್ನು ವೇದಿಕೆಯ ಮೇಲೆ ಎಷ್ಟು ಸಲ ಬಯಲಿಗೆಳೆದಿಲ್ಲ ನಾನು!

ಸಂಜೆಯ ಮಂಡಕ್ಕಿ ತಟ್ಟೆಯಲ್ಲಿ ಮಿರ್ಚಿ ಬಜ್ಜಿಯನ್ನು ಹಾಗೇ ಬಿಟ್ಟೆ. ಮಾವ ನನ್ನ ಮುಖ ನೋಡಿದರು.

“ಯಾಕ, ಮಿರ್ಚಿ ಬ್ಯಾಡೇನು? ಬಾಯಿ ತೆಗಿ.”

ತೆಗೆದೆ. ಅವರು ಫೋನು ಹಿಡಿದು ಒಳಗೆ ಹೋದರು. ಮೊದಲು ಅವರ ದನಿ, ಆಮೇಲೆ ಹೆಂಗಸಿನ ದನಿ, ಕೊನೆಗೆ ಗುತ್ತೂರಿನ ದನಿ. ಈ ಸಲ ಅತ್ತೆಯೂ ಓಡಿಬರಲಿಲ್ಲ.

“ಎರಡು ವಾರ ದಾಟಿದ್ರೆ ಡಾಕ್ಟರಿಗೆ ತೋರಿಸ್ಬೇಕಂತೆ. ಮೂರೂ ಅಳತೆ ಒಂದೇ. ನಾಳೆನೇ ಹೋಗಾಣ.”

“ನಾಳಿದ್ದು ಸ್ಪರ್ಧೆ ಐತೆ ಮಾವ...”

“ನಾಲಿಗೆ ಇದ್ರೆ ತಾನೇ ಸ್ಪರ್ಧೆ?”

ಮರುದಿನ ಮಾವ ರಜೆ ಹಾಕಿ ಸ್ಕೂಟರಿನಲ್ಲಿ ದಾವಣಗೆರೆಗೆ ಕರೆದೊಯ್ದರು. ಮುರಿದ ಹಲ್ಲಿನ ಚೂಪು ನಾಲಿಗೆಗೆ ತಾಗುತ್ತಿರಬಹುದು ಎಂದು ಡಾಕ್ಟರು ಅದನ್ನು ಉಜ್ಜಿ ನಯ ಮಾಡಿದರು. “ಎರಡು ವಾರ ಬಿಟ್ಟು ಬನ್ನಿ. ಆಗಲೂ ಮಾಯದಿದ್ದರೆ ಹುಣ್ಣಿನ ಚೂರು ತೆಗೆದು ಪರೀಕ್ಷೆಗೆ ಕಳಿಸೋಣ” ಎಂದರು. ಯಾವ ಪರೀಕ್ಷೆ ಎಂದು ನಾನು ಕೇಳಲಿಲ್ಲ, ಮಾವನೂ ಕೇಳಲಿಲ್ಲ.

ಆ ಎರಡು ವಾರ ನಮ್ಮ ಮನೆಯಲ್ಲಿ ಒಂದೂ ಚರ್ಚೆ ನಡೆಯಲಿಲ್ಲ. ಹುಣ್ಣು ಮಾಯಿತು. ಡಾಕ್ಟರು ಬಾಯಿಯೆಲ್ಲ ನೋಡಿ, ಇನ್ನೇನೂ ಭಯವಿಲ್ಲ ಎಂದರು.

ಮನೆಗೆ ಬಂದು ಅತ್ತೆಗೆ ಬೇಕಾದ ಒಂದು ನಂಬರಿಗಾಗಿ ಮಾವನ ಫೋನು ತೆಗೆದೆ. ಅವರು ಹುಡುಕಿದ್ದೆಲ್ಲ ಸಾಲಾಗಿ ಬಿದ್ದಿತ್ತು. ಒಂದೇ ಪ್ರಶ್ನೆ, ಮೂರು ಸಲ:

“ನಮಸ್ಕಾರ್ರಿ. ನಾನು ಹರಿಹರದಿಂದ. ನಮ್ಮಕ್ಕನ ಮಗಳು ಜಗಳ ಆಡೋದೇ ಬಿಟ್ಟಾಳೆ. ಮತ್ತೆ ಮೊದಲಿನಂಗೆ ಆಡ್ತಾಳೇನ್ರಿ?”

ಮೂರು ಸಲವೂ ಹರಿಹರದಿಂದಲೇ. ದನಿ ಬದಲಿಸುವುದನ್ನೂ ಮರೆತಿದ್ದರೇನೋ.

ಕಣ್ಣೊರೆಸಿಕೊಂಡು ಹೊರಗೆ ಬಂದೆ. “ಮಾವ, ಫೋನಿಗೆ ನಮಸ್ಕಾರ ಹೇಳೋದು ಶುದ್ಧ ಹುಚ್ಚುತನ. ಆಧಾರ ಏನು, ಹೇಳ್ರಿ ನೋಡೋಣ!”

ಮಾವ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. ಮುಖವೆಲ್ಲ ಹಲ್ಲೇ ಹಲ್ಲು.

“ಕೂಡು ತಾಯಿ. ಹೇಳ್ತೀನಿ.”